ಸಂಜೆ ಚಹಾದ ಹೊತ್ತಿಗೆ ಒಂದು ಬಟ್ಟಲು ಶ್ರೀಖಂಡ: ಕೊಳ್ಳುವುದರಿಂದ ಕಡೆಯುವ ತನಕ ಸಮಗ್ರ ಮಾರ್ಗದರ್ಶಿ

ಮಹಾರಾಷ್ಟ್ರದ ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡ ಮನೆಗಳಲ್ಲಿ ಯುಗಾದಿಗೆ ಹೋಳಿಗೆಯೂ ಆಗುತ್ತದೆ, ನೀರು ಸೋಸಿದ ಮೊಸರಿಗೆ ಸಕ್ಕರೆ ಬೆರೆಸಿ ಮಾಡುವ ಶ್ರೀಖಂಡ, ಜೊತೆಗೆ ಪೂರಿಯೂ ಆಗುತ್ತದೆ. ಎರಡನ್ನೂ ಹೊಟ್ಟೆ ಬಿರಿಯೆ ತಿಂದು ಮಧ್ಯಾಹ್ನ ಮಲಗಿಬಿಡುವುದು ರೂಢಿ. ಹೀಗಾಗಿ ಶ್ರೀಖಂಡ ಅಂದರೆ ಹಬ್ಬದ ಊಟ, ಜಡ, ನಿದ್ದೆ ಬರಿಸುವ ಪದಾರ್ಥ ಅನ್ನೋ ಹೆಸರು ಬಂದಿದೆ. ಪಾಪ, ಅದರ ತಪ್ಪೇನೂ ಇಲ್ಲ. ಆರು ಪೂರಿಯ ಜೊತೆ ಎರಡು ಸೌಟು ಬಡಿಸಿಕೊಂಡರೆ ಯಾವುದು ತಾನೇ ಹಗುರ ಅನಿಸುತ್ತದೆ?

ಅದೇ ಶ್ರೀಖಂಡವನ್ನು ಸಂಜೆ ನಾಲ್ಕೂವರೆಗೆ, ಸಣ್ಣ ಬಟ್ಟಲಲ್ಲಿ, ತಣ್ಣಗೆ ತಿಂದು ನೋಡಿ. ಬಿಸ್ಕತ್ತು, ಭಜಿಗಿಂತ ಎಷ್ಟೋ ಚೆನ್ನಾಗಿರುತ್ತದೆ. ಆದರೆ ಹಬ್ಬದ ಅಳತೆಯ ಸಕ್ಕರೆ ಹಾಕಿದರೆ ಮಾತ್ರ ಇದು ದಿನದ ತಿನಿಸಾಗುವುದಿಲ್ಲ. ನಮ್ಮಲ್ಲಿ ಶ್ರೀಖಂಡಕ್ಕೆ ಅಷ್ಟು ಸಕ್ಕರೆ ಬೀಳುವುದಕ್ಕೆ ನಾಲಿಗೆಯ ಚಪಲವೊಂದೇ ಕಾರಣ ಅಲ್ಲ. ಮೊಸರು ಹುಳಿಯಾಗಿರುತ್ತದೆ, ಅದನ್ನು ಮುಚ್ಚಲು ಸಕ್ಕರೆ ಸುರಿಯುತ್ತೇವೆ. ಮೊಸರನ್ನು ಹುಳಿಯಾಗದ ಹಾಗೆ ಹೆಪ್ಪು ಹಾಕಿ, ಹುಳಿಯಾಗದ ಹಾಗೆ ಸೋಸಿದರೆ ಸಕ್ಕರೆ ತಾನಾಗಿಯೇ ಕಾಲುಭಾಗಕ್ಕೆ ಇಳಿಯುತ್ತದೆ. ಈ ಬರಹದ ಮುಕ್ಕಾಲು ಭಾಗ ಅದೇ ವಿಷಯ.

ಮಾಡುವ ಮೊದಲು ಒಂದು ಡಬ್ಬಿ ಕೊಂಡು ನೋಡಿ

ಮೊದಲ ಸಲ ರುಚಿ ನೋಡುವವರು ನೇರ ಅಡುಗೆಮನೆಗೆ ಹೋಗಬೇಕಿಲ್ಲ. ಅಂಗಡಿಯಿಂದ 100 ಗ್ರಾಂನ ಸಣ್ಣ ಡಬ್ಬಿ ತನ್ನಿ. ಕೊಳ್ಳುವಾಗ ಡಬ್ಬಿಯ ಹಿಂಬದಿ ತಿರುಗಿಸಿ ಎರಡು ಕಡೆ ಕಣ್ಣಾಡಿಸಿ.

ಒಂದು, ಪದಾರ್ಥಗಳ ಪಟ್ಟಿ. ಇದರಲ್ಲಿ ಯಾವುದು ತೂಕದಲ್ಲಿ ಹೆಚ್ಚಿದೆಯೋ ಅದರ ಹೆಸರು ಮೊದಲು ಬರಬೇಕು ಅಂತ ನಿಯಮವಿದೆ. ಚಕ್ಕಾ, ಅಂದರೆ ನೀರು ಸೋಸಿ ತೆಗೆದ ಗಟ್ಟಿ ಮೊಸರು, ಮೊದಲಿದ್ದು ಸಕ್ಕರೆ ಆಮೇಲೆ ಬಂದರೆ ಸರಿ. ಸಕ್ಕರೆಯೇ ಮೊದಲಿದ್ದರೆ ನೀವು ಕೊಳ್ಳುತ್ತಿರುವುದು ಮೊಸರು ಸೇರಿಸಿದ ಸಕ್ಕರೆ.

ಎರಡು, 100 ಗ್ರಾಂಗೆ ಎಷ್ಟು ಸಕ್ಕರೆ ಅನ್ನುವ ಸಾಲು. ಅಲ್ಲಿ ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ ಅಂತ ಎರಡು ಲೆಕ್ಕ ಇರುತ್ತದೆ. ಹಾಲಿನಲ್ಲೇ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಇರುವುದರಿಂದ ಒಟ್ಟು ಸಕ್ಕರೆ ಯಾವಾಗಲೂ ಸ್ವಲ್ಪ ಜಾಸ್ತಿ ಕಾಣುತ್ತದೆ. ನೀವು ನೋಡಬೇಕಾದ್ದು ಎರಡನೆಯದು. ನಮ್ಮ ದೇಶದ ಆಹಾರ ಗುಣಮಟ್ಟದ ನಿಯಮದ ಪ್ರಕಾರ ಶ್ರೀಖಂಡದಲ್ಲಿ ನೀರು ಬಿಟ್ಟು ಉಳಿದ ಘನ ಪದಾರ್ಥ ಕನಿಷ್ಠ ಶೇ. 58 ಇರಬೇಕು. ಆ ಘನ ಪದಾರ್ಥದಲ್ಲಿ ಸಕ್ಕರೆ ಶೇ. 72.5ನ್ನು ಮೀರಬಾರದು. ಗುಣಿಸಿ ನೋಡಿ. ಶೇ. 58 ಘನಾಂಶದ 100 ಗ್ರಾಂ ಶ್ರೀಖಂಡದಲ್ಲಿ 42 ಗ್ರಾಂ ತನಕ ಸಕ್ಕರೆ ಇದ್ದರೂ ಅದು ನಿಯಮದೊಳಗೇ ಇದೆ. ಅಂದರೆ ಎಂಟು ಸಣ್ಣ ಚಮಚ!

ಕೆಲವು ಡಬ್ಬಿಗಳ ಮೇಲೆ ‘ಥರ್ಮೈಸ್ಡ್’ ಅಂತಲೋ, ಹುದುಗಿದ ಮೇಲೆ ಬಿಸಿ ಮಾಡಲಾಗಿದೆ ಅಂತಲೋ ಬರೆದಿರುತ್ತದೆ. ಅದು ಜಾಸ್ತಿ ದಿನ ಕೆಡದೆ ಇರುತ್ತದೆ. ಆದರೆ ಮೊಸರಿನ ಜೀವಂತ ಬ್ಯಾಕ್ಟೀರಿಯಾಗಳಿಗಾಗಿ ತಿನ್ನುವವರಿಗೆ ಅದು ಪ್ರಯೋಜನವಿಲ್ಲ, ಬಿಸಿಗೆ ಅವು ಸತ್ತಿರುತ್ತವೆ. ಹಣ್ಣಿನ ಚಿತ್ರವಿರುವ ಸಿಹಿ ಯೋಗರ್ಟ್ ಕಪ್‌ಗಳಿಗೂ ಇದೇ ಪರೀಕ್ಷೆ ಮಾಡಿ. ಹಣ್ಣು ಎಷ್ಟಿದೆ, ಬರೀ ಬಣ್ಣ-ವಾಸನೆ ಎಷ್ಟಿದೆ ಅಂತ ಪಟ್ಟಿಯೇ ಹೇಳಿಬಿಡುತ್ತದೆ.

ಹಾಲು, ಹೆಪ್ಪು

ಸೊಲ್ಲಾಪುರ, ಸಾಂಗಲಿ, ಕೊಲ್ಹಾಪುರ ಕಡೆ ಇರುವವರಿಗೆ ಒಂದು ಅನುಕೂಲ ಇದೆ, ಎಮ್ಮೆ ಹಾಲು ಸುಲಭವಾಗಿ ಸಿಗುತ್ತದೆ. ಭುಜವನ್ನೂ ದಾಟಿ ಉದ್ದ ಕೋಡು ಚಾಚಿಕೊಂಡಿರುವ ಪಂಢರಾಪುರಿ ಎಮ್ಮೆ ಇದೇ ಸೀಮೆಯ ತಳಿ. ಎಮ್ಮೆ ಹಾಲಿನಲ್ಲಿ ಕೊಬ್ಬೂ ಜಾಸ್ತಿ, ಪ್ರೋಟೀನೂ ಜಾಸ್ತಿ. ಮೊಸರು ಗಟ್ಟಿಯಾಗಿ ಕೂರುತ್ತದೆ, ನೀರು ಕಡಿಮೆ ಬಿಡುತ್ತದೆ. ಎಮ್ಮೆ ಹಾಲು ಸಿಗದಿದ್ದರೆ ಶೇ. 6 ಕೊಬ್ಬಿರುವ ಫುಲ್ ಕ್ರೀಮ್ ಪ್ಯಾಕೆಟ್ ತನ್ನಿ. ಶೇ. 3ರ ಟೋನ್ಡ್ ಹಾಲಿನಲ್ಲೂ ಆಗುತ್ತದೆ, ಆದರೆ ಚಕ್ಕಾ ಸ್ವಲ್ಪ ಒಣಒಣ ಅನಿಸುತ್ತದೆ.

1 ಲೀಟರ್ ಹಾಲು ತೆಗೆದುಕೊಳ್ಳಿ. ಉಕ್ಕಿ ಬಂದ ಕೂಡಲೇ ಒಲೆ ಆರಿಸಬೇಡಿ. ಉರಿ ಸಣ್ಣ ಮಾಡಿ ಇನ್ನೂ ಎಂಟ್ಹತ್ತು ನಿಮಿಷ ಕಾಯಲಿ, ನಡುನಡುವೆ ಕೈಯಾಡಿಸಿ. ಇದು ಹಾಲು ಕೆಡದಿರಲಿ ಅಂತ ಮಾತ್ರ ಅಲ್ಲ. ಚೆನ್ನಾಗಿ ಕಾದಾಗ ಹಾಲಿನ ತಿಳಿಯಲ್ಲಿರುವ ಪ್ರೋಟೀನ್ ರೂಪ ಬದಲಿಸಿ, ಕೇಸೀನ್ ಅನ್ನುವ ಹಾಲಿನ ಮುಖ್ಯ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ. ಅಂಥ ಮೊಸರು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಗಡ್ಡೆ ಗಡ್ಡೆಯಾಗಿ ಒಡೆಯುವುದಿಲ್ಲ.

ಈಗ ಆರಲು ಬಿಡಿ. ಹೆಪ್ಪಿನ ಬ್ಯಾಕ್ಟೀರಿಯಾಗಳಿಗೆ 40ರಿಂದ 45 ಡಿಗ್ರಿ ಬಿಸಿ ಹಿತ. ಥರ್ಮಾಮೀಟರ್ ಇಲ್ಲದಿದ್ದರೆ ತೊಳೆದ ಕಿರುಬೆರಳು ಸಾಕು, ಹತ್ತು ಎಣಿಸುವ ತನಕ ಸುಮ್ನೆ ಇಟ್ಟುಕೊಳ್ಳಲು ಆಗಬೇಕು. ಬೆರಳು ಸುಟ್ಟರೆ ಹೆಪ್ಪೂ ಸಾಯುತ್ತದೆ.

ಹೆಪ್ಪಿನ ಆಯ್ಕೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಫ್ರಿಜ್ಜಿನ ಮೂಲೆಯಲ್ಲಿ ನಾಲ್ಕು ದಿನದಿಂದ ಕೂತ ಹುಳಿ ಮೊಸರನ್ನು ಹೆಪ್ಪಿಗೆ ಬಳಸಬೇಡಿ. ಹುಳಿ ಹೆಪ್ಪಿನಿಂದ ಹುಳಿ ಮೊಸರೇ ಬರುತ್ತದೆ. ನಿನ್ನೆ-ಇವತ್ತಿನ ಸಿಹಿಮೊಸರು ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಲೀಟರಿಗೆ ಒಂದು ಸಣ್ಣ ಚಮಚ, ಚಳಿಯಲ್ಲಿ ಒಂದು ದೊಡ್ಡ ಚಮಚ. ಜಾಸ್ತಿ ಹಾಕಿದರೆ ಬೇಗ ಆಗುತ್ತದೆ ಅಂತ ಮೂರು-ನಾಲ್ಕು ಚಮಚ ಹಾಕುವವರಿದ್ದಾರೆ. ಬೇಗ ಆಗುವುದು ಹುಳಿ.

ಸೊಲ್ಲಾಪುರದ ಏಪ್ರಿಲ್-ಮೇ ಬಿಸಿಲು ಹೇಗಿರುತ್ತದೆ ಅಂತ ಗೊತ್ತಲ್ವಾ? ಮನೆಯೊಳಗೇ ಪಾತ್ರೆ ಬೆಚ್ಚಗಿರುತ್ತದೆ. ಆಗ ರಾತ್ರಿಯಿಡೀ ಹೆಪ್ಪಿಗೆ ಬಿಟ್ಟರೆ ಬೆಳಗ್ಗೆ ಹುಳಿ ಗ್ಯಾರಂಟಿ. ಬೇಸಿಗೆಯಲ್ಲಿ ಬೆಳಗ್ಗೆ ಹೆಪ್ಪು ಹಾಕಿ. ನಾಲ್ಕು ಗಂಟೆ ಬಿಟ್ಟು ಪಾತ್ರೆಯನ್ನು ಸ್ವಲ್ಪ ವಾಲಿಸಿ ನೋಡಿ. ಮೊಸರು ಅಂಚಿನಿಂದ ಒಂದೇ ತುಂಡಾಗಿ ಜರುಗಿದರೆ ಆಯಿತು, ಆ ಕ್ಷಣವೇ ಫ್ರಿಜ್ಜಿಗೆ. ಡಿಸೆಂಬರ್-ಜನವರಿಯಲ್ಲಿ ಎಂಟು ಗಂಟೆಯೂ ಹಿಡಿಯಬಹುದು. ಆಗ ಪಾತ್ರೆಗೆ ಟವೆಲ್ ಸುತ್ತಿ ಹಾಟ್‌ಬಾಕ್ಸಿನಲ್ಲಿಡಿ. ಫ್ರಿಜ್ಜಿನಲ್ಲಿ ಎರಡು ಗಂಟೆ ಕೂತ ಮೇಲೆಯೇ ಸೋಸಲು ತೆಗೆಯಿರಿ.

ಸೋಸುವುದು

ಹಳೆ ಮನೆಗಳಲ್ಲಿ ಮೊಸರನ್ನು ಪಂಚೆ ಬಟ್ಟೆಯಲ್ಲಿ ಗಂಟು ಕಟ್ಟಿ ಗೂಟಕ್ಕೆ ತೂಗುಹಾಕುತ್ತಿದ್ದರು. ನೋಡಲು ಚೆಂದ. ಆದರೆ 40 ಡಿಗ್ರಿ ಬಿಸಿಲಿನ ಊರಲ್ಲಿ ಆರು ಗಂಟೆ ತೂಗಿದ ಮೊಸರು ಆ ಆರು ಗಂಟೆಯೂ ಹುಳಿಯಾಗುತ್ತಲೇ ಇರುತ್ತದೆ. ಫ್ರಿಜ್ ಇದ್ದವರು ಗೂಟವನ್ನು ಮರೆತುಬಿಡಿ.

ಆಳವಾದ ಪಾತ್ರೆಯ ಮೇಲೆ ಸ್ಟೀಲ್ ಜರಡಿ ಇಡಿ. ತೆಳು ಮಲ್ಮಲ್ ಬಟ್ಟೆಯನ್ನು ಒದ್ದೆ ಮಾಡಿ, ಹಿಂಡಿ, ಎರಡು ಮಡಿಕೆ ಮಾಡಿ ಜರಡಿಗೆ ಹಾಸಿ. ಬಟ್ಟೆಗೆ ಸೋಪಿನ ವಾಸನೆ ಇರಲೇಬಾರದು, ಚಕ್ಕಾ ಅದನ್ನು ಹೀರಿಕೊಳ್ಳುತ್ತದೆ. ಮೊಸರನ್ನು ಸೌಟಿನಿಂದ ದೊಡ್ಡ ದೊಡ್ಡ ತುಂಡಾಗಿಯೇ ಇಳಿಸಿ, ಕಡೆಯಬೇಡಿ. ಬಟ್ಟೆಯ ತುದಿ ಮಡಚಿ ಫ್ರಿಜ್ಜಿನೊಳಗಿಡಿ. ಒಂದು ಗಂಟೆ ಆದ ಮೇಲೆ ಮೇಲೊಂದು ತಟ್ಟೆ, ತಟ್ಟೆಯ ಮೇಲೆ ನೀರು ತುಂಬಿದ ಲೋಟ. ಮೊದಲೇ ಭಾರ ಇಟ್ಟರೆ ಮೊಸರೇ ಬಟ್ಟೆಯಿಂದ ಹೊರಗೆ ಬರುತ್ತದೆ.

ಎಂಟು ಗಂಟೆ ಸಾಕು. ಬಟ್ಟೆ ಬಿಡಿಸಿದಾಗ ಚಕ್ಕಾ ಬಟ್ಟೆಗೆ ಅಂಟದೆ ಮುದ್ದೆಯಾಗಿ ಬಿಟ್ಟುಬರಬೇಕು. ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯಬೇಕು, ಗುಳಿಯಲ್ಲಿ ನೀರು ಜಿನುಗಬಾರದು. ಎಮ್ಮೆ ಹಾಲಾದರೆ 1 ಲೀಟರಿಗೆ ಸುಮಾರು 400 ಗ್ರಾಂ ಸಿಗುತ್ತದೆ.

ಕೆಳಗಿನ ಪಾತ್ರೆಯಲ್ಲಿ ತಿಳಿ ಹಸಿರು-ಹಳದಿ ನೀರು ನಿಂತಿರುತ್ತದೆ. ಆ ಬಣ್ಣ ರೈಬೋಫ್ಲೇವಿನ್ ಅನ್ನುವ ಬಿ ಗುಂಪಿನ ವಿಟಮಿನ್‌ನದು. ಚೆಲ್ಲಬೇಡಿ. ಚಪಾತಿ ಹಿಟ್ಟು ಅದರಲ್ಲೇ ನಾದಿ, ಇಲ್ಲವೇ ಮಜ್ಜಿಗೆ ಸಾರಿಗೆ ಬೆರೆಸಿ.

ಇಷ್ಟೆಲ್ಲ ಬೇಡ ಅನ್ನುವವರಿಗೆ ಒಂದು ದಾರಿ ಇದೆ. ಪಾಡ್ವಾ (ಇಲ್ಲಿಯ ಯುಗಾದಿ), ದಸರೆಯ ಹೊತ್ತಿಗೆ ಈ ಕಡೆಯ ಡೇರಿಗಳಲ್ಲಿ ಚಕ್ಕಾವನ್ನೇ ತೂಕ ಮಾಡಿ ಮಾರುತ್ತಾರೆ. ತರುವ ಮೊದಲು ಒಂದು ಚೂರು ಕೇಳಿ ತಿಂದು ನೋಡಿ. ಹಬ್ಬದ ಹಿಂದಿನ ದಿನದ ನೂಕುನುಗ್ಗಲಿನಲ್ಲಿ ಡೇರಿಯವರು ಮುಖ ಸಿಂಡರಿಸಬಹುದು, ಪರವಾಗಿಲ್ಲ. ಹುಳಿ ಚಕ್ಕಾ ಮನೆಗೆ ಬಂದರೆ ಸಿಂಡರಿಸುವ ಸರದಿ ನಿಮ್ಮದು.

ಸಕ್ಕರೆಯ ಲೆಕ್ಕ

ಹಬ್ಬದ ಶ್ರೀಖಂಡಕ್ಕೆ ಚಕ್ಕಾದಷ್ಟೇ ತೂಕದ ಸಕ್ಕರೆ, ತಪ್ಪಿದರೆ ಮುಕ್ಕಾಲು ಪಾಲು. ಸಂಜೆಯ ಬಟ್ಟಲಿಗೆ ನಾನು ಹೇಳುವುದು ಕಾಲು ಪಾಲು. 400 ಗ್ರಾಂ ಚಕ್ಕಾಕ್ಕೆ 100 ಗ್ರಾಂ ಸಕ್ಕರೆ. 75 ಗ್ರಾಂನ ಒಂದು ಬಟ್ಟಲಲ್ಲಿ 15 ಗ್ರಾಂ ಸಕ್ಕರೆ ಬರುತ್ತದೆ, ಅಂದರೆ ಮೂರು ಸಣ್ಣ ಚಮಚ. ಸಮಸಮ ಹಾಕಿದ್ದರೆ ಅದೇ ಬಟ್ಟಲಲ್ಲಿ 37.5 ಗ್ರಾಂ ಆಗುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಂತೆ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಶಕ್ತಿಯ ಶೇ. 10ರ ಒಳಗಿರಬೇಕು. ಶೇ. 5ರ ಒಳಗಿದ್ದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ತಿನ್ನುವವರಿಗೆ ಶೇ. 5 ಅಂದರೆ 25 ಗ್ರಾಂ. ನಮ್ಮ ಎರಡು ಹೊತ್ತಿನ ಚಹಾವೂ ಇದೇ ಲೆಕ್ಕದಲ್ಲಿ ಬರುತ್ತದೆ ಅನ್ನುವುದು ನೆನಪಿರಲಿ. ಶ್ರೀಖಂಡ ತಿನ್ನುವ ದಿನ ಒಂದು ಚಹಾ ಸಪ್ಪೆ ಕುಡಿದರೆ ಲೆಕ್ಕ ಸರಿಹೋಗುತ್ತದೆ.

ಸಕ್ಕರೆಯನ್ನು ಮನೆಯಲ್ಲೇ ಪುಡಿ ಮಾಡಿ. ಅಂಗಡಿಯ ಐಸಿಂಗ್ ಶುಗರ್‌ನಲ್ಲಿ ಮೆಕ್ಕೆಜೋಳದ ಪಿಷ್ಟ ಬೆರೆತಿರುತ್ತದೆ, ನಾಲಿಗೆಗೆ ಹಿಟ್ಟು ಹಿಟ್ಟಾಗಿ ತಗಲುತ್ತದೆ. ಒಂದು ಚಿಟಿಕೆ ಉಪ್ಪನ್ನೂ ಸೇರಿಸಿ, ಸಿಹಿ ಎದ್ದು ಕಾಣುತ್ತದೆ.

ಬೆಲ್ಲ ಇಷ್ಟಪಡುವವರು ಸಣ್ಣಗೆ ಹೆರೆದ ಕೊಲ್ಹಾಪುರದ ಬೆಲ್ಲ ಹಾಕಬಹುದು. ರುಚಿ ಬೇರೆಯೇ ಬರುತ್ತದೆ, ಬಣ್ಣ ಮಾತ್ರ ಮಬ್ಬು. ಬೆಲ್ಲದಲ್ಲಿ ನೀರಿನಂಶ ಇರುವುದರಿಂದ ಚಕ್ಕಾವನ್ನು ಎರಡು ಗಂಟೆ ಜಾಸ್ತಿ ಸೋಸಿಕೊಳ್ಳಿ. ಬೆಲ್ಲ ಹಾಕಿದರೆ ಆರೋಗ್ಯಕ್ಕೆ ಒಳ್ಳೆಯದು ಅಂತ ಎರಡು ಬಟ್ಟಲು ತಿನ್ನುವಂತಿಲ್ಲ, ಅದೂ ಸಕ್ಕರೆಯೇ.

ತಿಕ್ಕುವುದು

ಚಕ್ಕಾಗೆ ಸಕ್ಕರೆ ಪುಡಿ ಬೆರೆಸಿ ಅರ್ಧ ಗಂಟೆ ಬಿಡಿ. ಸಕ್ಕರೆ ಚಕ್ಕಾದ ನೀರನ್ನು ಎಳೆದು ಕರಗುತ್ತದೆ, ಮುದ್ದೆ ಸಡಿಲವಾಗುತ್ತದೆ. ತೆಳ್ಳಗಾಯಿತು ಅಂತ ಗಾಬರಿ ಬೇಡ, ಫ್ರಿಜ್ಜಿನಲ್ಲಿ ಮತ್ತೆ ಬಿಗಿಯುತ್ತದೆ.

ಮಿಕ್ಸಿ ಬೇಡವೇ ಬೇಡ. ಬ್ಲೇಡಿನ ವೇಗಕ್ಕೆ ಮೊಸರಿನ ಹೆಣೆದ ಜಾಲ ಹರಿದು ನೀರುನೀರಾಗುತ್ತದೆ, ಎಷ್ಟು ಹೊತ್ತು ಫ್ರಿಜ್ಜಿನಲ್ಲಿಟ್ಟರೂ ಮೊದಲಿನ ಹಾಗೆ ಬಿಗಿಯುವುದಿಲ್ಲ. ಸಣ್ಣ ಕಣ್ಣಿನ ಜರಡಿಯ ಮೇಲೆ ಚಮಚದ ಬೆನ್ನಿನಿಂದ ತಿಕ್ಕಿ ಇಳಿಸಿ. ಹೋಳಿಗೆಯ ಹೂರಣ ತಿರುವುವ ಪುರಣ ಯಂತ್ರ ಮನೆಯಲ್ಲಿದ್ದರೆ ಅದರ ಸಣ್ಣ ತೂತಿನ ಬಿಲ್ಲೆ ಹಾಕಿ ತಿರುವಿ, ಕೈನೋವು ತಪ್ಪುತ್ತದೆ.

ನಮ್ಮ ಕಾಕು (ಚಿಕ್ಕಮ್ಮ) ಪುರಣ ಯಂತ್ರವನ್ನು ಪಾದಗಳ ನಡುವೆ ಒತ್ತಿ ಹಿಡಿದು, ನೆಲದ ಮೇಲೆ ಕೂತೇ ತಿರುವುತ್ತಾರೆ. ಬಿಲ್ಲೆಯ ತೂತುಗಳಿಂದ ಚಕ್ಕಾ ಬಿಳಿ ಶಾವಿಗೆಯ ಹಾಗೆ ಇಳಿಯುತ್ತಾ ಹೋಗುತ್ತದೆ. ನಡುವೆ ಹಿಡಿಕೆ ಬಿಗಿಯಾದರೆ ಒಂದು ಗಂಟು ಸಿಕ್ಕಿದೆ ಅಂತ ಅರ್ಥ. ಅವರು ಜೋರು ಮಾಡುವುದಿಲ್ಲ, ಹಿಂದಕ್ಕೆ ಅರ್ಧ ಸುತ್ತು ತಿರುವಿ ಮತ್ತೆ ಮುಂದೆ ಹೋಗುತ್ತಾರೆ. ಸಕ್ಕರೆ ಡಬ್ಬಿ ಮುಟ್ಟುವ ಮೊದಲೇ ನಮಗೆ ತಾಕೀತು ಇರುತ್ತದೆ: “ಮೊದ್ಲ ಚಕ್ಕಾ ನಾಲಿಗಿ ಮ್ಯಾಲ ಇಟ್ಟು ನೋಡವಾ. ಹುಳಿ ಇತ್ತಂದ್ರ ಎಷ್ಟ್ ಸಕ್ರಿ ಸುರದ್ರೂ ಅಷ್ಟ.” ನಿಜಕ್ಕೂ ಹುಳಿ ಜಾಸ್ತಿ ಇದ್ದರೆ ಅವರು ಶ್ರೀಖಂಡದ ಆಸೆಯನ್ನೇ ಬಿಟ್ಟು ಅದನ್ನು ಮಜ್ಜಿಗೆ ಸಾರಿಗೆ ತಿರುಗಿಸಿಬಿಡುತ್ತಾರೆ. ಅಷ್ಟು ನಿಷ್ಠುರ ನಿಮಗೆ ಆಗದಿದ್ದರೆ ಚಕ್ಕಾಗೆ ಒಂದು ಲೋಟ ಕಾಯಿಸಿ ತಣಿಸಿದ ಹಾಲು ಬೆರೆಸಿ ಫ್ರಿಜ್ಜಿನಲ್ಲೇ ಇನ್ನೊಮ್ಮೆ ಸೋಸಿ. ಹುಳಿಯ ಒಂದು ಪಾಲು ನೀರಿನ ಜೊತೆ ಇಳಿದುಹೋಗುತ್ತದೆ.

ಪರಿಮಳ ಮತ್ತು ಹಣ್ಣು

ಏಲಕ್ಕಿ ಆಗಷ್ಟೇ ಕುಟ್ಟಿದ್ದು, ಜಾಜಿಕಾಯಿ ಎರಡೇ ಉಜ್ಜು, ಒಂದು ಚಮಚ ಬೆಚ್ಚನೆ ಹಾಲಿನಲ್ಲಿ ನೆನೆಸಿದ ಕೇಸರಿ. ಇಷ್ಟು ಸಾಕು. ಹಳದಿ ಬಣ್ಣ ಹಾಕುವವರ ಬಗ್ಗೆ ನನಗೆ ಹೇಳುವುದೇನೂ ಇಲ್ಲ. ಮೇಲೆ ಚಾರೋಳಿ ಅಥವಾ ಪಿಸ್ತಾ.

ಹಣ್ಣಿನ ವಿಷಯಕ್ಕೆ ಬಂದರೆ ಇಲ್ಲಿಯವರು ಅದೃಷ್ಟವಂತರು. ಸೊಲ್ಲಾಪುರದ ದಾಳಿಂಬೆಗೂ ಸಾಂಗಲಿಯ ಒಣದ್ರಾಕ್ಷಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಎರಡನ್ನೂ ಬಳಸುವ ಕ್ರಮ ಬೇರೆ ಬೇರೆ. ದಾಳಿಂಬೆ ಕಾಳನ್ನು ತಿನ್ನುವ ಹೊತ್ತಿಗೆ ಮೇಲೆ ಉದುರಿಸಬೇಕು. ಮೊದಲೇ ಬೆರೆಸಿಟ್ಟರೆ ರಸ ಬಿಟ್ಟು ಶ್ರೀಖಂಡ ಕೆಂಪಗೆ ನೀರೊಡೆಯುತ್ತದೆ. ಒಣದ್ರಾಕ್ಷಿಯನ್ನು ಹಿಂದಿನ ರಾತ್ರಿಯೇ ಹೆಚ್ಚಿ ಬೆರೆಸಬೇಕು. ಅದು ಚಕ್ಕಾದ ತೇವ ಹೀರಿ ಉಬ್ಬುತ್ತದೆ, ತನ್ನ ಸಿಹಿಯನ್ನು ಸುತ್ತಲೂ ಬಿಡುತ್ತದೆ. 400 ಗ್ರಾಂ ಚಕ್ಕಾಕ್ಕೆ ಒಂದು ಮುಷ್ಟಿ ಒಣದ್ರಾಕ್ಷಿ ಹಾಕಿದರೆ ಸಕ್ಕರೆಯನ್ನು 60 ಗ್ರಾಂಗೆ ಇಳಿಸಬಹುದು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ಸಂಜೆಯ ಶ್ರೀಖಂಡ. ಕೇಸರಿಯೂ ಬೇಡ, ಏಲಕ್ಕಿ ಒಂದಿದ್ದರೆ ಆಯಿತು.

ಮಾವಿನಹಣ್ಣಿನ ರಸವನ್ನು ಹಸಿಯಾಗಿ ಬೆರೆಸಿದರೆ ಆಮ್ರಖಂಡ ತೆಳ್ಳಗಾಗುತ್ತದೆ. ಬಾಣಲೆಯಲ್ಲಿ ರಸ ಅರ್ಧಕ್ಕೆ ಇಳಿಯುವ ತನಕ ಬತ್ತಿಸಿ, ಪೂರ್ತಿ ತಣಿಸಿ, ಆಮೇಲೆ ಸೇರಿಸಿ. ಅನಾನಸ್ ಮತ್ತು ಪಪ್ಪಾಯಿಯನ್ನು ಹಸಿಯಾಗಿ ಹಾಕಲೇಬೇಡಿ. ಅವುಗಳಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವ ಇದೆ, ಕೆಲವೇ ಗಂಟೆಯಲ್ಲಿ ಶ್ರೀಖಂಡ ಕಹಿಯಾಗುತ್ತದೆ. ಅನಾನಸನ್ನು ಬೇಯಿಸಿದರೆ ಕಿಣ್ವ ಕೆಲಸ ನಿಲ್ಲಿಸುತ್ತದೆ, ಆಗ ಧಾರಾಳವಾಗಿ ಹಾಕಿ.

ತಿನ್ನುವ ರೀತಿ

ಬೆರೆಸಿದ ಮೇಲೆ ಕನಿಷ್ಠ ನಾಲ್ಕು ಗಂಟೆ ಫ್ರಿಜ್ಜಿನಲ್ಲಿರಲಿ. ಬಡಿಸುವಾಗ ಉಪ್ಪಿನಕಾಯಿ ಹಾಕುವಂಥ ಸಣ್ಣ ಬಟ್ಟಲು, ಸಣ್ಣ ಚಮಚ. ಇದು ಕಂಜೂಸಿ ಅಲ್ಲ. ತಣ್ಣಗಿನ ಗಟ್ಟಿ ಪದಾರ್ಥ ನಾಲಿಗೆಯ ಮೇಲೆ ನಿಧಾನ ಕರಗಬೇಕು, ದೊಡ್ಡ ಚಮಚದಲ್ಲಿ ಅದು ಸುಮ್ನೆ ಗಂಟಲಿಗೆ ಜಾರಿಹೋಗುತ್ತದೆ.

ಪೂರಿ ಬೇಡ, ಅದಕ್ಕೆ ಹಬ್ಬ ಇದ್ದೇ ಇದೆ. ಬದಲಿಗೆ ಸೊಲ್ಲಾಪುರ ಸೀಮೆಯ ಜೋಳದ ಖಡಕ್ ರೊಟ್ಟಿ ಮುರಿದು, ಚೂರಿನಲ್ಲೇ ಶ್ರೀಖಂಡ ಎತ್ತಿ ತಿನ್ನಿ. ಎಣ್ಣೆ ಇಲ್ಲ, ಗರಿಗರಿ ಇದೆ, ಜೋಳದ ಚೂರು ಒಗರಿನಿಂದ ಸಿಹಿ ಹದಕ್ಕೆ ಬರುತ್ತದೆ. ಮೊದಲ ಸಲ ಮುಂದಿಟ್ಟಾಗ ಮನೆಯಲ್ಲಿ ಎಲ್ಲರೂ ನಗುತ್ತಾರೆ. ನಗಲಿ ಬಿಡಿ, ರೊಟ್ಟಿ ಉಳಿಯುವುದಿಲ್ಲ. ಆಮೇಲೆ ಖಾರ ಬೇಕೆನಿಸಿದರೆ ಒಂದು ಚಿಟಿಕೆ ಶೇಂಗಾ ಚಟ್ನಿ ನೆಕ್ಕಿ. ಬಿಸಿ ಚಹಾವನ್ನು ಮಾತ್ರ ತಕ್ಷಣ ಕುಡಿಯಬೇಡಿ, ಎರಡರ ರುಚಿಯೂ ಹಾಳು.

ಮಧುಮೇಹ ಇರುವವರು ತಮ್ಮ ವೈದ್ಯರನ್ನು ಕೇಳಿಯೇ ತಿನ್ನಬೇಕು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಚಕ್ಕಾ ಅಷ್ಟು ತೊಂದರೆ ಕೊಡದೆ ಇರಬಹುದು. ಲ್ಯಾಕ್ಟೋಸಿನ ಒಂದು ಪಾಲನ್ನು ಬ್ಯಾಕ್ಟೀರಿಯಾ ತಿಂದಿರುತ್ತದೆ, ಇನ್ನೊಂದು ಪಾಲು ನೀರಿನ ಜೊತೆ ಇಳಿದಿರುತ್ತದೆ. ಆದರೆ ಪೂರ್ತಿ ಹೋಗಿರುವುದಿಲ್ಲ, ಎರಡು ಚಮಚದಿಂದ ಶುರು ಮಾಡಿ. ಹಾಲಿನ ಪ್ರೋಟೀನ್ ಅಲರ್ಜಿ ಇದ್ದವರಿಗೆ ಇದು ಬೇಡ. ಸಕ್ಕರೆಯ ಬದಲು ಜೇನು ಹಾಕುವವರು ಒಂದು ವರ್ಷದೊಳಗಿನ ಮಗುವಿಗೆ ಅದನ್ನು ಕೊಡಬಾರದು.

ಉಳಿದದ್ದು

ಮುಚ್ಚಳವಿರುವ ಗಾಜಿನ ಅಥವಾ ಸ್ಟೀಲ್ ಡಬ್ಬಿಯಲ್ಲಿ ಮೂರು-ನಾಲ್ಕು ದಿನ ಚೆನ್ನಾಗಿರುತ್ತದೆ. ಬಾಯಿಗಿಟ್ಟ ಚಮಚವನ್ನು ಮತ್ತೆ ಡಬ್ಬಿಗೆ ಹಾಕಬಾರದು. ಬೇಸಿಗೆಯಲ್ಲಿ ಹೊರಗೆ ಒಂದು ಗಂಟೆಗಿಂತ ಜಾಸ್ತಿ ಬಿಡಬೇಡಿ. ಮಕ್ಕಳ ಶಾಲೆಯ ಡಬ್ಬಿಗೆ ಇದು ಆಗಿಬರುವುದಿಲ್ಲ, ಶಾಲೆಯಿಂದ ಬಂದ ಮೇಲೆ ಕೊಡಿ. ಅಂಚಿನಲ್ಲಿ ಸ್ವಲ್ಪ ನೀರು ಕಂಡರೆ ಕಲಸಿ ತಿನ್ನಬಹುದು. ಗುಳ್ಳೆ, ಬೂಷ್ಟು ಅಥವಾ ಹುಳಿವಾಸನೆ ಬಂದರೆ ಯೋಚಿಸದೆ ಚೆಲ್ಲಿ.

ಮೂರನೆಯ ದಿನಕ್ಕೆ ಡಬ್ಬಿಯ ತಳದಲ್ಲಿ ಎರಡು-ಮೂರು ಚಮಚ ಉಳಿದರೆ ಪಿಯೂಷ್ ಅನ್ನುವ ತಂಪು ಪಾನೀಯ ಮಾಡಿ. ಆ ಶ್ರೀಖಂಡಕ್ಕೆ ಅದರ ಎರಡರಷ್ಟು ತಣ್ಣನೆಯ ಸಿಹಿ ಮಜ್ಜಿಗೆ ಹಾಕಿ, ಗಂಟಿಲ್ಲದ ಹಾಗೆ ಕಡಗೋಲಿನಿಂದ ಕಡೆಯಿರಿ. ಜಾಜಿಕಾಯಿ ಉಜ್ಜಿ, ಚಿಟಿಕೆ ಉಪ್ಪು ಹಾಕಿ. ಸಕ್ಕರೆ ಮತ್ತೆ ಹಾಕುವ ಅಗತ್ಯ ಬೀಳುವುದಿಲ್ಲ. ಡಬ್ಬಿಗೆ ಅಂಟಿದ್ದನ್ನೂ ಅದೇ ಮಜ್ಜಿಗೆಯಲ್ಲಿ ತೊಳೆದು ಲೋಟಕ್ಕೆ ಸುರಿದುಕೊಳ್ಳಿ.